ನಮ್ಮ ಜಮೀನಿನ ಮರ, ಸರ್ಕಾರದ ಬಜೆಟ್: ಹಿಡಿತವೂ ಬೇಡ, ಕೊಡುಗೆಯೂ ಬೇಡ ಎನ್ನೋಣವೇ?

ತೀರ್ಥಹಳ್ಳಿ ತೋಟಗಾರ

ನಮ್ಮ ಕಡೆ ತೋಟದ ಅಂಚಿನಲ್ಲೋ ಹುಲ್ಲು ಬೆಳೆಯುವ ಬ್ಯಾಣದಲ್ಲೋ ಬೀಟೆ (ರೋಸ್‌ವುಡ್) ಸಸಿ ತಾನಾಗಿ ಹುಟ್ಟಿದರೆ ಅದು ಮರವಾಗುವುದು ಅಪರೂಪ. ಮೊಣಕಾಲುದ್ದ ಬರುವ ಮೊದಲೇ ಕತ್ತಿ ಬೀಳುತ್ತದೆ. ರೈತನಿಗೆ ಮರದ ಮೇಲೆ ದ್ವೇಷವಿಲ್ಲ, ಭಯವಿದೆ. ಅದು ದೊಡ್ಡದಾದ ಮೇಲೆ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು. ನಾಟ ಸಾಗಿಸಲು ಪಾಸು ಬೇಕು. ಜಮೀನು ಮಂಜೂರಾದ ಕಾಲದಲ್ಲಿ ಬೀಟೆ, ತೇಗದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ್ದಾರೋ ಇಲ್ಲವೋ ಎಂದು ಹಳೆಯ ಕಡತ ಹುಡುಕಬೇಕು. ಅಜ್ಜ ಉಳಿಸಿದ ಮರ ಮೊಮ್ಮಗನಿಗೆ ಆಸ್ತಿಯಾಗುವ ಬದಲು ಕಚೇರಿ ಅಲೆದಾಟವಾಗುತ್ತದೆ.

ಇದೇ ಕಾಯ್ದೆಯಲ್ಲಿ ಅನುಮತಿ ಬೇಡದ ಮರಗಳ ಪಟ್ಟಿ ಇದೆ. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ಸುಬಾಬುಲ್, ರಬ್ಬರ್ ಮೊದಲಿನಿಂದಲೂ ಅದರಲ್ಲಿವೆ. ಆಮೇಲೆ ಇನ್ನಷ್ಟು ಜಾತಿ ಸೇರಿದವು. ಬೀಟೆ ಮಾತ್ರ ಇವತ್ತಿಗೂ ಇಲ್ಲ. ಹೀಗಾಗಿ ಕೊಪ್ಪ, ಮೂಡಿಗೆರೆ, ಕೊಡಗಿನ ಕಾಫಿ ತೋಟಗಳನ್ನು ನೋಡಿ. ನೆರಳಿಗೆ ನಿಂತಿದ್ದ ಊರಿನ ಮರಗಳ ಜಾಗಕ್ಕೆ ಎಷ್ಟು ಸಿಲ್ವರ್ ಓಕ್ ಬಂದಿದೆ! ಮರ ಉಳಿಸಲು ಮಾಡಿದ ಕಾನೂನು ಊರಿನ ಮರವನ್ನೇ ಹೊರಗೆ ಹಾಕಿತು, ಆಸ್ಟ್ರೇಲಿಯಾದ ಮರಕ್ಕೆ ದಾರಿ ಬಿಟ್ಟಿತು.

ಗಂಧದ ಕಥೆಯೂ ಅದೇ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷ ಎಂದು ಸಾರಿದ. ರಾಜರು ಹೋದರು, ಸ್ವಾತಂತ್ರ್ಯ ಬಂತು, ಆದರೂ ನಮ್ಮ ಹಿತ್ತಲಲ್ಲಿ ಹುಟ್ಟಿದ ಗಂಧ 2001ರ ತಿದ್ದುಪಡಿಯವರೆಗೆ ಸರ್ಕಾರದ್ದೇ ಆಗಿತ್ತು. ಇನ್ನೂರು ವರ್ಷ ರೈತನಿಗೆ ಗಂಧ ಬೆಳೆಸಲು ಒಂದೂ ಕಾರಣ ಇರಲಿಲ್ಲ, ಕಳ್ಳನಿಗೆ ಎಲ್ಲ ಕಾರಣ ಇತ್ತು. ಬಿದಿರನ್ನು 1927ರ ಭಾರತೀಯ ಅರಣ್ಯ ಕಾಯ್ದೆ ಮರವೆಂದೇ ಎಣಿಸಿತ್ತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಪಟ್ಟಿಯಿಂದ ತೆಗೆಯಲು 2017 ಬರಬೇಕಾಯಿತು.

ನಾನು ತಿಳಿದಂತೆ ಲಿಬರ್ಟೇರಿಯನ್ ನಿಲುವು ಎಂದರೆ ಇಷ್ಟೇ. ನನ್ನ ಮೈ, ನನ್ನ ದುಡಿಮೆ, ನನ್ನ ಜಮೀನು ನನ್ನದು. ಇನ್ನೊಬ್ಬರಿಗೆ ಕೆಡುಕು ಮಾಡದಷ್ಟು ದಿನ ಸರ್ಕಾರ ನಡುವೆ ಬರಬಾರದು. ಇದಕ್ಕೆ ಇನ್ನೊಂದು ಅರ್ಧ ಇದೆ, ನಮ್ಮವರು ಅದನ್ನು ಹೇಳಲು ಹಿಂಜರಿಯುತ್ತಾರೆ: ಸರ್ಕಾರದಿಂದ ಕೊಡುಗೆಯನ್ನೂ ಕೇಳಬಾರದು.

2025-26ರ ರಾಜ್ಯ ಬಜೆಟ್ ತೆಗೆದುಕೊಳ್ಳಿ. ಒಟ್ಟು 4,09,549 ಕೋಟಿ. ಅದರಲ್ಲಿ ಸಾಲ 1,16,000 ಕೋಟಿ. 2011ರ ಜನಗಣತಿಯ 6.11 ಕೋಟಿ ಜನರಿಗೆ ಹಂಚಿದರೆ ತಲೆಗೆ ಸುಮಾರು 19 ಸಾವಿರ. ಐದು ಜನರ ಮನೆಗೆ 95 ಸಾವಿರ, ಅದೂ ಒಂದೇ ವರ್ಷದ ಸಾಲ. ಗೃಹಲಕ್ಷ್ಮಿಯಲ್ಲಿ ಆ ಮನೆಗೆ ಬರುವುದು ವರ್ಷಕ್ಕೆ 24 ಸಾವಿರ. ರಾಜ್ಯದ ಒಟ್ಟು ಹೊಣೆಗಾರಿಕೆ ರಾಜ್ಯದ ಒಟ್ಟು ಉತ್ಪನ್ನದ (ಜಿಎಸ್‌ಡಿಪಿ) ಶೇ 24.91 ಆಗುತ್ತದೆ ಎಂದು ಬಜೆಟ್ಟೇ ಹೇಳಿದೆ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿ ಶೇ 25. ನಮ್ಮ ಮಕ್ಕಳಿಗೆ ಉಳಿದಿರುವ ಜಾಗ ಅಷ್ಟು.

ಮರಗಳ ವಿಷಯದಲ್ಲಿ ಒಂದು ಮನವಿ ಬರೆಯಬೇಕು ಎಂದಿದ್ದೇನೆ. ಅದಕ್ಕೆ ಮೊದಲು ನಿಮ್ಮ ಅಭಿಪ್ರಾಯ ಬೇಕು. ಒಪ್ಪದವರು ಖಂಡಿತ ಬರೆಯಿರಿ.

ಸಾಗರದವಳು

ತೋಟಗಾರರೇ, ಗೃಹಲಕ್ಷ್ಮಿ ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆ ಎರಡು ಸಾವಿರ ಯಾರ ಕೈಗೆ ಬರುತ್ತದೆ ಅದನ್ನೂ ನೋಡಿ. ನಮ್ಮ ಕೇರಿಯ ಹೆಂಗಸರು ಜೀವನದಲ್ಲಿ ಮೊದಲ ಬಾರಿಗೆ ಗಂಡನನ್ನು ಕೇಳದೆ ಮಗಳಿಗೆ ಚಪ್ಪಲಿ ತಂದರು. ಇದನ್ನು ಸ್ವಾತಂತ್ರ್ಯ ಅನ್ನದೆ ಇನ್ನೇನು ಅನ್ನುತ್ತೀರಿ?

ಇನ್ನು ಆಸ್ತಿ. ನಮ್ಮ ಅಜ್ಜ ಗೇಣಿ ಒಕ್ಕಲು. 1951ರಲ್ಲಿ ಕಾಗೋಡಿನಲ್ಲಿ ಯಾಕೆ ಸತ್ಯಾಗ್ರಹ ಆಯಿತು? ಗೇಣಿ ಅಳೆಯುವ ಕೊಳಗವನ್ನೇ ಒಡೆಯರು ದೊಡ್ಡದು ಮಾಡಿಕೊಂಡಿದ್ದರು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಶಾಂತವೇರಿ ಗೋಪಾಲಗೌಡರಂಥವರು ಬೀದಿಗಿಳಿದರು. ಕೊನೆಗೆ ಭೂಮಿ ಸಿಕ್ಕಿದ್ದು 1974ರ ಭೂ ಸುಧಾರಣೆ ತಿದ್ದುಪಡಿಯಿಂದ. ಅಂದು ಸರ್ಕಾರ ನಡುವೆ ಬರದಿದ್ದರೆ ನಾನು ಇವತ್ತು ಇಲ್ಲಿ ಬರೆಯುತ್ತಿರಲಿಲ್ಲ, ಯಾರದೋ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದೆ. "ನನ್ನ ಜಮೀನು ನನ್ನದು" ಎಂಬ ಮಾತನ್ನು ಅಂದಿನ ಒಡೆಯರೂ ಹೇಳುತ್ತಿದ್ದರು.

ತೀರ್ಥಹಳ್ಳಿ ತೋಟಗಾರ

ಅಕ್ಕ, ಇದು ತೂಕದ ಮಾತು. ಸುಲಭವಾಗಿ ದಾಟಿ ಹೋಗುವುದಿಲ್ಲ.

ಕಾಗೋಡಿನ ಒಕ್ಕಲುಗಳು ಕೇಳಿದ್ದು ದುಡಿದವನ ಹಕ್ಕು. ನನ್ನ ನಿಲುವಿನ ಬುಡವೂ ಅದೇ. ಉಳುವವನ ಬೆವರಿನಿಂದ ಆಸ್ತಿ ಹುಟ್ಟುತ್ತದೆ, ರಾಜ ಬರೆದುಕೊಟ್ಟ ಉಂಬಳಿಯಿಂದಲ್ಲ. ಎರಡು ಅಳತೆಯ ಕೊಳಗ ಮೋಸ. ಮೋಸ ತಡೆಯುವುದು ಸರ್ಕಾರದ ಕೆಲಸವೇ, ಅದರಲ್ಲಿ ನನಗೆ ಅನುಮಾನ ಇಲ್ಲ.

ಆದರೆ ಆಮೇಲೆ ಏನಾಯಿತು ನೋಡಿ. ಅದೇ ಕಾನೂನು ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಸೈನಿಕರು, ನಾವಿಕರಿಗೆ ಮಾತ್ರ ವಿನಾಯಿತಿ. ಇವತ್ತು ಮಲೆನಾಡಿನಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲಿದ್ದಾರೆ? ಗದ್ದೆ ಹಡಿಲು ಬಿದ್ದಿದೆ. ಮಾಡುವವರು ಇದ್ದಾರೆ, ಆದರೆ ಬಾಯಿಮಾತಿನಲ್ಲೇ ಮಾಡಬೇಕು. ಕಾಗದ ಇಲ್ಲ, ಆದ್ದರಿಂದ ಬೆಳೆ ಸಾಲ ಇಲ್ಲ, ವಿಮೆ ಇಲ್ಲ, ಬೆಳೆ ಹೋದರೆ ಪರಿಹಾರ ಜಮೀನು ಮಾಲೀಕನ ಖಾತೆಗೆ. ಅಂದು ಗೇಣಿದಾರನನ್ನು ಕಾಪಾಡಿದ ಕಾನೂನು ಇಂದಿನ ಗೇಣಿದಾರನನ್ನು ಕಳ್ಳನಂತೆ ಬದುಕಿಸುತ್ತಿದೆ. ಅವರಲ್ಲಿ ಹೆಚ್ಚಿನವರು ಬಡವರೇ ಅಲ್ವಾ?

ಇನ್ನು ದೊಡ್ಡ ಒಡೆಯ ಯಾರು ಅಂತ ಕೇಳಿದರೆ ನಿಮ್ಮ ತಾಲೂಕಿನಲ್ಲೇ ಉತ್ತರವಿದೆ. 1964ರಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ರಾಜ್ಯಕ್ಕೆ ಬೆಳಕು ಕೊಡಲು ಮನೆ, ಗದ್ದೆ, ದೇವಸ್ಥಾನ ಬಿಟ್ಟು ಬಂದವರನ್ನು ಕಾಡಿನಂಚಿಗೆ ತಂದು ಬಿಟ್ಟರು. ಮೂರನೇ ತಲೆಮಾರು ಬಂದರೂ ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರ ಇಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಬೇರೆ ಬೇಕು. ಇಷ್ಟು ದೀರ್ಘ ಕಾಲ ಒಕ್ಕಲನ್ನು ತೂಗುಯ್ಯಾಲೆಯಲ್ಲಿ ಇಟ್ಟ ಖಾಸಗಿ ಒಡೆಯ ಯಾರಾದರೂ ಇದ್ದರೇ?

ಸಾಗರದವಳು

ಶರಾವತಿ ಸಂತ್ರಸ್ತರ ಮಾತು ಬಂದರೆ ನಾನು ಏನೂ ವಾದ ಮಾಡುವುದಿಲ್ಲ. ನಮ್ಮ ಅತ್ತೆಯ ತವರು ನೀರಿನಡಿ ಇದೆ. ಆದರೆ ಅವರು ಕೇಳುತ್ತಿರುವುದೂ ಸರ್ಕಾರ ಹಕ್ಕುಪತ್ರ ಕೊಡಲಿ ಎಂದೇ. ಸರ್ಕಾರ ದೂರ ಇರಲಿ ಎಂದು ಅಲ್ಲ.

ಗಾಂಧಿಬಜಾರ್ ಅಂಗಡಿ

ಚಿಕ್ಕದಾಗಿ ಹೇಳುತ್ತೇನೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂತು. ಹೆಚ್ಚಿನವು ಬೆಂಗಳೂರಿನಲ್ಲಿ. ತರಕಾರಿ, ಹಾಲು ಮಾರುವವರಿಗೂ ಬಂತು, ಅವಕ್ಕೆ ತೆರಿಗೆಯೇ ಇಲ್ಲ. ಆಮೇಲೆ ಸರ್ಕಾರ ಹಿಂದೆ ಸರಿಯಿತು. ಆದರೆ ಭಯ ಶಿವಮೊಗ್ಗಕ್ಕೂ ಬಂತು. ನಮ್ಮ ಸಾಲಿನಲ್ಲೇ ಕೆಲವರು ಕ್ಯೂಆರ್ ಹಾಳೆ ತೆಗೆದು ಒಳಗೆ ಇಟ್ಟರು. ಡಿಜಿಟಲ್ ಮಾಡಿ ಎಂದು ಹೇಳಿದವರೇ ಅದನ್ನು ಹಿಡಿದು ನೋಟಿಸ್ ಕೊಟ್ಟರೆ ಮುಂದಿನ ಸಲ ಯಾರು ನಂಬುತ್ತಾರೆ?

ತೆರಿಗೆ ಕಟ್ಟಲು ನನಗೆ ಬೇಸರ ಇಲ್ಲ. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ವಾರ್ಷಿಕ ವಹಿವಾಟಿನ ಮಿತಿ ಎಂದು ಎಷ್ಟು ಅಂಗಡಿಯವರಿಗೆ ಮೊದಲೇ ತಿಳಿಹೇಳಿದ್ದರು? ನಿಯಮ ಮಾಡುವವರು ನಿಯಮ ತಿಳಿಸುವ ಕೆಲಸವನ್ನೂ ಮಾಡಬೇಕು.

ಭದ್ರಾವತಿ ಹುಡುಗ

ಎಲ್ಲರೂ ಸರ್ಕಾರ ಹಿಂದೆ ಸರಿಯಲಿ ಎನ್ನುತ್ತೀರಿ. ಸರ್ಕಾರ ಹಿಂದೆ ಸರಿದರೆ ಊರು ಹೇಗಿರುತ್ತದೆ ಎಂದು ನಮ್ಮೂರಿಗೆ ಬಂದು ನೋಡಿ. ವಿಶ್ವೇಶ್ವರಯ್ಯನವರು ಕಟ್ಟಿದ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು 1923ರಲ್ಲಿ. ಸ್ವಂತ ಅದಿರು ಗಣಿ ಇಲ್ಲದೆ ಸೊರಗಿತು. ಮಾರಲು ಹೊರಟರು, ಕೊಳ್ಳುವವರು ಸಿಗಲಿಲ್ಲ. ನೂರನೇ ವರ್ಷ, 2023ರ ಜನವರಿಯಲ್ಲಿ, ಮುಚ್ಚುವ ತೀರ್ಮಾನ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಪೇಪರ್ ಮಿಲ್ಲು ಅದಕ್ಕಿಂತ ಮೊದಲೇ ನಿಂತಿತ್ತು. ಎರಡೂ ಹೋದ ಮೇಲೆ ನಮ್ಮ ಓರಗೆಯವರೆಲ್ಲ ಬೆಂಗಳೂರು ಬಸ್ಸು ಹತ್ತಿದರು. ಖಾಸಗಿಯವರು ಬಂದು ಉದ್ಧಾರ ಮಾಡುತ್ತಾರೆ ಎಂದು ಕಾದಿದ್ದೇ ಬಂತು.

ತೀರ್ಥಹಳ್ಳಿ ತೋಟಗಾರ

ತಮ್ಮಾ, ಭದ್ರಾವತಿಯ ನೋವು ಇಡೀ ಜಿಲ್ಲೆಯ ನೋವು. ಆದರೆ ನೀನು ಬರೆದದ್ದರಲ್ಲೇ ಕಾರಣ ಇದೆ. ಅದಿರು ಗಣಿ ಯಾರ ಕೈಯಲ್ಲಿದೆ? ಸರ್ಕಾರದ ಕೈಯಲ್ಲಿ. ಕಾರ್ಖಾನೆಯೂ ಸರ್ಕಾರದ್ದೇ, ಗಣಿ ಕೊಡಬೇಕಾದ್ದೂ ಸರ್ಕಾರವೇ, ಆದರೂ ಕೊಡಲಾಗಲಿಲ್ಲ. 1998ರಲ್ಲಿ ಕೇಂದ್ರದ ಉಕ್ಕು ಕಂಪನಿ ಸೈಲ್ ಜೊತೆ ವಿಲೀನವಾದ ಮೇಲೆ ಭದ್ರಾವತಿಯ ಭವಿಷ್ಯ ದೆಹಲಿಯ ಮೇಜಿನ ಮೇಲೆ ಹೋಯಿತು. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಉಳಿಸುತ್ತೇವೆ ಎಂದರು. ಮಾರುವುದಾದರೆ ಓಡುತ್ತಿದ್ದಾಗ ಮಾರಬೇಕಿತ್ತು. ಉಸಿರು ನಿಲ್ಲುವ ಹೊತ್ತಿಗೆ ಮಾರಲು ಹೊರಟರೆ ಯಾರು ಬರುತ್ತಾರೆ?

ಪೇಪರ್ ಮಿಲ್ಲಿನ ವಿಷಯ ಎತ್ತಿದ್ದು ಒಳ್ಳೆಯದಾಯಿತು. 1980ರಲ್ಲಿ 40 ವರ್ಷಕ್ಕೆ ಕಾಡಿನ ಜಮೀನು ಅದಕ್ಕೆ ಲೀಸ್ ಸಿಕ್ಕಿತು. ಆ ಜಾಗದಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟರು. ಮಿಲ್ಲು ನಿಂತಿದ್ದರೂ 2020ರಲ್ಲಿ ಲೀಸ್ ಮತ್ತೆ ಮುಂದುವರಿಯಿತು. ನಮ್ಮ ಕಡೆಯ ಪರಿಸರ ಹೋರಾಟಗಾರರು ಅದರ ವಿರುದ್ಧ ಸಾಗರ, ತೀರ್ಥಹಳ್ಳಿ ಎಲ್ಲ ಕಡೆ ದನಿ ಎತ್ತಿದರು. ನಾನು ನನ್ನ ಒಂದು ಹೊನ್ನೆ ಮರಕ್ಕೆ ಅರ್ಜಿ ಹಾಕಬೇಕು. ಸರ್ಕಾರದ ಕಂಪನಿ ಗುಡ್ಡಕ್ಕೆ ಗುಡ್ಡವೇ ಅಕೇಶಿಯಾ ಹಾಕಬಹುದು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ನನಗೆ ಸಿಟ್ಟು ಬರುವುದು.

ಸೊರಬದ ಕಾನು

ಅಕೇಶಿಯಾ ವಿಷಯದಲ್ಲಿ ನಿಮ್ಮ ಜೊತೆ ನಿಲ್ಲುತ್ತೇನೆ. ಉಳಿದದ್ದರಲ್ಲಿ ಇಲ್ಲ. ಮಾಲ್ಕಿ (ಖಾಸಗಿ ಜಮೀನಿನ) ಮರಕ್ಕೆ ನಿಯಮವೇ ಇರದಿದ್ದರೆ ನಮ್ಮ ಸೊರಬದ ಕಾನುಗಳು, ಅಂದರೆ ದಟ್ಟ ಕಾಡುಗಳು, ಎಷ್ಟು ದಿನ ಉಳಿಯುತ್ತವೆ? ಟಿಂಬರ್ ವ್ಯಾಪಾರಿ ಬಂದು ಮುಂಗಡ ಕೊಟ್ಟರೆ ಸಾಲದಲ್ಲಿರುವ ರೈತ ಬೇಡ ಎನ್ನುತ್ತಾನೆಯೇ? ಗುಡ್ಡದ ತುದಿಯಲ್ಲಿ ಮರ ಹೋದರೆ ಕೆಳಗಿನ ತೋಟದ ಒರತೆ ಬತ್ತುತ್ತದೆ. 2018ರಲ್ಲಿ ಕೊಡಗು ಜಾರಿತು. 2024ರ ಜುಲೈ 30ರಂದು ವಯನಾಡಿನಲ್ಲಿ ಏನಾಯಿತು ಎಂದು ಎಲ್ಲರೂ ನೋಡಿದ್ದೇವೆ. ಮಣ್ಣು ಜಾರುವಾಗ ಸರ್ವೆ ನಂಬರ್ ನೋಡುವುದಿಲ್ಲ.

ಪಶ್ಚಿಮ ಘಟ್ಟ ಉಳಿಸುವ ಕಸ್ತೂರಿರಂಗನ್ ವರದಿ ಎಂದ ತಕ್ಷಣ ಮಲೆನಾಡು ಬಂದ್ ಮಾಡುತ್ತಾರೆ. ಕೇಂದ್ರದ 2024ರ ಜುಲೈ 31ರ ಕರಡಿನಲ್ಲಿ ಪರಿಸರ ಸೂಕ್ಷ್ಮ ಪ್ರದೇಶವೆಂದು ಆರು ರಾಜ್ಯಗಳ 56,825 ಚದರ ಕಿಲೋಮೀಟರ್ ಇದೆ, ನಮ್ಮ ಪಾಲು 20,668. ರಾಜ್ಯ ಸಂಪುಟ ಸೆಪ್ಟೆಂಬರ್‌ನಲ್ಲಿ ಅದನ್ನು ತಿರಸ್ಕರಿಸಿತು. ಹಾಗಾದರೆ ಬದಲಿಗೆ ಏನು? ಅದನ್ನು ಯಾರೂ ಹೇಳುವುದಿಲ್ಲ.

ತೀರ್ಥಹಳ್ಳಿ ತೋಟಗಾರ

ಬದಲಿಗೆ ಏನು ಎಂಬುದನ್ನು ಹೇಳುತ್ತೇನೆ.

ಮೇಲಿನವನು ಗುಡ್ಡ ಕಡಿದು ಕೆಳಗಿನವನ ತೋಟ ಕೊಚ್ಚಿಹೋದರೆ ಅದು ಸ್ವಾತಂತ್ರ್ಯವಲ್ಲ, ಪಕ್ಕದವನ ಆಸ್ತಿಯ ಮೇಲೆ ದಾಳಿ. ಅಂಥವನಿಂದ ಪೂರ್ತಿ ನಷ್ಟ ವಸೂಲಾಗಬೇಕು, ಬೇಗ ಆಗಬೇಕು. ಕೋರ್ಟು ಗಟ್ಟಿಯಾಗಿದ್ದರೆ ಕೈ ತಾನಾಗಿ ಹಿಂದೆ ಬರುತ್ತದೆ. ಈಗ ಏನಾಗುತ್ತಿದೆ? ಅನುಮತಿ ಕಾಗದ ಇದ್ದವನಿಗೆ ಕೇಳುವವರೇ ಇಲ್ಲ. ರಸ್ತೆ ಅಗಲ ಮಾಡಲು ಗುಡ್ಡವನ್ನು ನೇರವಾಗಿ ಕತ್ತರಿಸಿದವರು ಯಾರು? ಶರಾವತಿ ಕಣಿವೆಯಲ್ಲೇ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ನೀರು ಮೇಲೆತ್ತಿ ಮತ್ತೆ ಬಿಟ್ಟು ವಿದ್ಯುತ್ ಮಾಡುವ) ಯೋಜನೆಗೆ ಹೊರಟವರು ಯಾರು? ನನ್ನ ಮೇಲೆ ನಿಯಮ ಹೊರಿಸುವವರು ತಮಗೆ ಬೇಕಾದಾಗ ತಾವೇ ಒಪ್ಪಿಗೆ ಬರೆದುಕೊಳ್ಳುತ್ತಾರೆ.

ಪಶ್ಚಿಮ ಘಟ್ಟದ ಬಗ್ಗೆ ಗಾಡ್ಗೀಳ್ ಸಮಿತಿ 2011ರಲ್ಲಿ ಗ್ರಾಮಸಭೆಗಳು ಚರ್ಚಿಸಿ ತೀರ್ಮಾನಿಸಲಿ ಎಂದಿತ್ತು. ಅದರ ಎಲ್ಲವನ್ನೂ ನಾನು ಒಪ್ಪುವುದಿಲ್ಲ, ಈ ಮಾತನ್ನು ಒಪ್ಪುತ್ತೇನೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಬದುಕಿಡೀ ತೋರಿಸಿದ್ದು ಇದನ್ನೇ. ಕಾಡು, ಕೆರೆ, ಮೀನುಗಾರಿಕೆಯನ್ನು ಬಳಸುವ ಜನರೇ ಕೂತು ಮಾಡಿಕೊಂಡ ಕಟ್ಟುಪಾಡು ಎಷ್ಟೋ ಕಡೆ ಸರ್ಕಾರದ ನಿಯಮಕ್ಕಿಂತ ಚೆನ್ನಾಗಿ ನಡೆಯುತ್ತದೆ. ನಮ್ಮ ಸೊಪ್ಪಿನಬೆಟ್ಟಗಳು ಇಂಥವೇ ಆಗಬಹುದಿತ್ತು. ಸೊಪ್ಪು, ದರಗು ತರುವ ಅನುಕೂಲ ನಮಗೆ, ಒಡೆತನ ಸರ್ಕಾರಕ್ಕೆ. ಅರ್ಧ ಹಕ್ಕು ಇರುವ ಜಾಗವನ್ನು ಯಾರೂ ಪೂರ್ತಿ ಮನಸ್ಸಿನಿಂದ ನೋಡಿಕೊಳ್ಳುವುದಿಲ್ಲ. ಬೆಟ್ಟ ಬೋಳಾಗಿದ್ದು ಹಾಗೆ.

ಸೊರಬದ ಕಾನು

ಕೋರ್ಟಿನಲ್ಲಿ ನಷ್ಟ ಬೇಗ ವಸೂಲಾಗುವ ದೇಶದಲ್ಲಿ ನಾವು ಬದುಕುತ್ತಿಲ್ಲ. ಗಡಿ ತಕರಾರೇ ಮಕ್ಕಳ ಕಾಲಕ್ಕೆ ಮುಗಿಯುತ್ತದೆ. ಮೊದಲು ಕೋರ್ಟು ಸರಿಯಾಗಲಿ, ಆಮೇಲೆ ನಿಯಮ ತೆಗೆಯೋಣ. ಉಲ್ಟಾ ಮಾಡಿದರೆ ಮರವೂ ಇರುವುದಿಲ್ಲ, ನ್ಯಾಯವೂ ಇರುವುದಿಲ್ಲ. ಗ್ರಾಮಸಭೆಯ ವಿಷಯ ಒಪ್ಪಿದೆ.

ಕೊಪ್ಪದ ಪಯಣಿಗ

ಒಂದು ಹಳೆಯ ವಿಷಯ ನೆನಪಿಸಬೇಕು. ಕೊಪ್ಪದಲ್ಲಿ ಬಸ್ ಕಂಪನಿಯೊಂದು ನಿಂತಾಗ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಶುರು ಮಾಡಿದರು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಅವರೇ ಮಾಲೀಕರು. ಯಾವ ಸರ್ಕಾರವೂ ಕಟ್ಟಿಕೊಟ್ಟದ್ದಲ್ಲ. ಘಟ್ಟದ ಸಣ್ಣ ಸಣ್ಣ ಊರಿಗೂ ಬಸ್ ಬಿಟ್ಟರು. ಸುಮಾರು ಮೂರು ದಶಕ ಓಡಿಸಿ 2020ರಲ್ಲಿ ನಿಲ್ಲಿಸಿದರು. ಡೀಸೆಲ್, ವಿಮೆ, ತೆರಿಗೆ ಎಲ್ಲ ಏರಿ ತಾಳಲಾಗಲಿಲ್ಲ. ಅದೇ ಹೊತ್ತಿನಲ್ಲಿ ಸರ್ಕಾರಿ ನಿಗಮಗಳ ನಷ್ಟವನ್ನು ಬಜೆಟ್ ತುಂಬುತ್ತಲೇ ಇತ್ತು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಬಯಲುಸೀಮೆಯ ಹೆಂಗಸರಿಗೆ ದೊಡ್ಡ ಅನುಕೂಲ. ಮಲೆನಾಡಿನಲ್ಲಿ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸೇ. ಅಲ್ಲಿ ಉಚಿತ ಇಲ್ಲ. ಆದರೆ ಅದರ ತೆರಿಗೆ ನಾವೂ ಕಟ್ಟುತ್ತೇವೆ. ಹೆಣ್ಣುಮಕ್ಕಳಿಗೆ ನೇರವಾಗಿ ಚೀಟಿ ಕೊಟ್ಟು, ಬೇಕಾದ ಬಸ್ಸು ಹತ್ತಿ ಎನ್ನಬಹುದಿತ್ತು.

ಹೊಸನಗರ ರೈತ

ತೋಟಗಾರರಿಗೆ ಒಂದು ನೇರ ಪ್ರಶ್ನೆ. ಕೊಡುಗೆ ಬೇಡ ಎಂದಿರಿ. ಹೊರಗಿನ ಅಡಿಕೆ ಇದಕ್ಕಿಂತ ಅಗ್ಗಕ್ಕೆ ಬರಬಾರದು ಎಂದು ಕಟ್ಟಿದ ಕನಿಷ್ಠ ಆಮದು ಬೆಲೆಯೂ ಬೇಡವೇ? 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 251ರಿಂದ 351ಕ್ಕೆ ಏರಿಸಿದರು. ಅದಕ್ಕಾಗಿ ನಮ್ಮವರು ಎಷ್ಟು ಸಲ ದೆಹಲಿಗೆ ಹೋಗಿ ಬಂದಿದ್ದಾರೆ! ಅದು ಹೋದರೆ ಬರ್ಮಾ ಅಡಿಕೆ ಮಂಡಿಗೆ ಸುರಿಯುತ್ತದೆ. ನಾನು ಒಂದೂವರೆ ಎಕರೆಯವನು. ಮಳೆಗಾಲದಲ್ಲಿ ಕೊಳೆರೋಗ, ಅದರ ಮೇಲೆ ಎಲೆಚುಕ್ಕೆ. ಬೋರ್ಡೋ ದ್ರಾವಣ ಹೊಡೆಯಲು ಆಳು ಸಿಗುವುದಿಲ್ಲ. ಬೆಲೆಯೊಂದೇ ನಮ್ಮನ್ನು ಹಿಡಿದಿಟ್ಟಿರುವುದು.

ತೀರ್ಥಹಳ್ಳಿ ತೋಟಗಾರ

ಹೌದು, ಅದೂ ಬೇಡ ಎನ್ನುತ್ತೇನೆ. ನಾನೂ ಅಡಿಕೆಯನ್ನೇ ನಂಬಿದವನು. ನನಗೂ ನಷ್ಟ ಆಗುತ್ತದೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ದೆಹಲಿಯ ಒಂದು ಅಧಿಸೂಚನೆಯಿಂದ ಬಂದ ಬೆಲೆ ಇನ್ನೊಂದು ಅಧಿಸೂಚನೆಯಿಂದ ಹೋಗುತ್ತದೆ. 2022ರಲ್ಲಿ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆಗೆ ಆ ಕನಿಷ್ಠ ಬೆಲೆಯ ಷರತ್ತನ್ನೇ ಬಿಟ್ಟರು. ನಮ್ಮನ್ನು ಕೇಳಿದರೇ? ಕಾವಲು ಎತ್ತರ ಮಾಡಿದಷ್ಟೂ ಈಶಾನ್ಯದ ಗಡಿಯಲ್ಲಿ ಕಳ್ಳಸಾಗಣೆಗೆ ಲಾಭ ಜಾಸ್ತಿ. ಒಂದು ಕಡೆ ಅಡಿಕೆ ಬೆಲೆ ಕಾಯುತ್ತಾರೆ, ಇನ್ನೊಂದು ಕಡೆ 2013ರಲ್ಲಿ ಗುಟ್ಕಾ ನಿಷೇಧಿಸುತ್ತಾರೆ. ಈ ಎರಡರ ನಡುವೆ ನಾವು ಹೊಸ ತೋಟ ಹಾಕುತ್ತಲೇ ಇದ್ದೇವೆ, ಗದ್ದೆಯನ್ನೂ ತೋಟ ಮಾಡುತ್ತಿದ್ದೇವೆ. ಬೆಲೆ ಕುಸಿದ ದಿನ ಎಲ್ಲರೂ ಒಟ್ಟಿಗೆ ಬೀಳುತ್ತೇವೆ.

ಕಾಫಿಯವರನ್ನು ನೋಡಿ. 1942ರ ಕಾಯ್ದೆಯಿಂದ ಹಿಡಿದು ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರದನ್ನೂ ಸೇರಿಸಿ ಮಂಡಳಿಯೇ ಮಾರುವ ರಾಶಿಗೆ, ಹಾಕಬೇಕಿತ್ತು. ಹಣ ಕಂತಿನಲ್ಲಿ ಬರುತ್ತಿತ್ತು, ಪೂರ್ತಿ ಬರುವ ಹೊತ್ತಿಗೆ ವರ್ಷಗಳು ಕಳೆಯುತ್ತಿದ್ದವು. 1992ರಲ್ಲಿ ಸ್ವಲ್ಪ ಪಾಲು ಬಿಟ್ಟರು, 1996ರ ಹೊತ್ತಿಗೆ ಪೂರ್ತಿ ಬಿಟ್ಟರು. ಆಮೇಲೆ ಬೆಲೆ ಬಿದ್ದ ಕೆಟ್ಟ ವರ್ಷಗಳೂ ಬಂದವು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಮತ್ತೆ ಪೂಲ್ ಬೇಕು ಎನ್ನುವ ಬೆಳೆಗಾರ ನನಗೆ ಸಿಕ್ಕಿಲ್ಲ.

ಒಂದೂವರೆ ಎಕರೆಯವರಿಗೆ ಆಸರೆ ಬೇಡವೇ ಎಂದರೆ, ಬೇಕು. ಅದನ್ನು ನಾವೇ ಕಟ್ಟಿಕೊಂಡಿದ್ದೇವೆ. ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್ ಹುಟ್ಟಿದ್ದು 1939ರಲ್ಲಿ. ದಲ್ಲಾಳಿಗಳ ಕೈಗೆ ಸಿಕ್ಕಿ ನರಳಿದ ಬೆಳೆಗಾರರು ಸ್ವತಃ ಸೇರಿ ಮಾಡಿಕೊಂಡ ಸಂಘ. ಆಗ ಸ್ವಾತಂತ್ರ್ಯವೂ ಬಂದಿರಲಿಲ್ಲ.

ಹೊಸನಗರ ರೈತ

ಸಂಘ ಬೆಲೆ ಏರಿಸಲು ಆಗುವುದಿಲ್ಲ ಮಾರಾಯ್ರೆ, ಸರಿಯಾದ ತೂಕ ಕೊಡಬಹುದು ಅಷ್ಟೇ. ಬೇರೆ ದೇಶದವರು ತಮ್ಮ ರೈತರನ್ನು ಕಾಯುವಾಗ ನಾವೊಬ್ಬರೇ ಬಾಗಿಲು ತೆಗೆದು ಕೂರಬೇಕೇ? ಮನವಿಯಲ್ಲಿ ಇದನ್ನು ಬರೆದರೆ ನನ್ನ ಸಹಿ ಇಲ್ಲ. ಮರದ ವಿಷಯಕ್ಕೆ ಮಾತ್ರ ಆದರೆ ಇದೆ.

ಸೊರಬದ ನರ್ಸ್

ರಾತ್ರಿ ಪಾಳಿ ಮುಗಿಸಿ ಬರೆಯುತ್ತಿದ್ದೇನೆ. ಮಂಗನ ಕಾಯಿಲೆ 1957ರಲ್ಲಿ ಕಂಡದ್ದು ನಮ್ಮ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುತ್ತದೆ. ಸೊಪ್ಪು, ಕಟ್ಟಿಗೆಗೆ ಹೋಗುವ ಬಡವರಿಗೇ ಹೆಚ್ಚು. 2018-19ರಲ್ಲಿ ಸಾಗರದ ಅರಳಗೋಡಿನಲ್ಲಿ ಜೀವ ಹೋದವರ ಮನೆಗಳನ್ನು ಕೇಳಿ. ಇದ್ದ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು 2022ರಲ್ಲಿ ನಿಂತಿತು. ಈಗ ಇರುವುದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ, ಎಚ್ಚರಿಕೆ. ಘಟ್ಟದ ನಾಲ್ಕಾರು ಜಿಲ್ಲೆಯ ಕಾಯಿಲೆಗೆ ಯಾವ ಕಂಪನಿ ತಾನಾಗಿ ಲಸಿಕೆ ಮಾಡುತ್ತದೆ? ಲಾಭ ಎಲ್ಲಿದೆ? ಇಂಥದ್ದಕ್ಕೆ ಸರ್ಕಾರದ ಹಣ, ಸರ್ಕಾರದ ಪ್ರಯೋಗಾಲಯ ಬೇಕೇ ಬೇಕು. ಬಜೆಟ್ ಕಡಿತ ಎಂದಾಗ ಮೊದಲು ಕೊರತೆಯಾಗುವುದು ನಮ್ಮಂಥ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ.

ತೀರ್ಥಹಳ್ಳಿ ತೋಟಗಾರ

ಸಿಸ್ಟರ್, ಇದರಲ್ಲಿ ನಮ್ಮಿಬ್ಬರ ನಡುವೆ ಜಗಳವಿಲ್ಲ. ಅಂಟುರೋಗ, ಪೊಲೀಸು, ಕೋರ್ಟು, ಗಡಿ. ಇವು ಒಬ್ಬೊಬ್ಬರೇ ಮಾಡಿಕೊಳ್ಳಲು ಆಗದ ಕೆಲಸ. ನಾನು ತೆರಿಗೆ ಕಟ್ಟುವುದೇ ಇವಕ್ಕಾಗಿ. ನನ್ನ ದೂರು ಇರುವುದು ಬೇರೆ. ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಗೊತ್ತಿರುವ ಕಾಯಿಲೆಗೆ ಒಳ್ಳೆಯ ಲಸಿಕೆ ಇಲ್ಲದ ಸರ್ಕಾರ, ಅದೇ ಕಾಲದಲ್ಲಿ ಕಾಗದ ಮಾಡಿತು, ಕಬ್ಬಿಣ ಮಾಡಿತು, ಸೋಪು ಮಾಡಿತು, ನನ್ನ ಹೊನ್ನೆ ಮರವನ್ನು ಎಣಿಸಿತು. 4 ಲಕ್ಷ ಕೋಟಿಯ ಬಜೆಟ್‌ನಲ್ಲಿ ನಿಮ್ಮ ಆರೋಗ್ಯ ಕೇಂದ್ರಕ್ಕೆ ಕೊರತೆ ಬೀಳುವುದು ಹಣ ಇಲ್ಲದ್ದಕ್ಕಲ್ಲ. ಮಾಡಬೇಕಾದ್ದನ್ನೂ ಮಾಡಬಾರದ್ದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ.

ಸಾಗರದವಳು

ಮನವಿಗೆ ನನ್ನ ಸಲಹೆ. ಊರಿನ ಮರಗಳನ್ನು, ಬೀಟೆ ಹೊನ್ನೆ ನಂದಿ ಎಲ್ಲವನ್ನೂ, ರೈತ ತಾನೇ ನೆಟ್ಟು ಪಹಣಿಯಲ್ಲಿ ಬರೆಸಿದರೆ ಮುಂದೆ ಕಡಿಯಲು ಅನುಮತಿ ಬೇಡ ಎಂದು ಕೇಳಿ. ಈಗಾಗಲೇ ನಿಂತಿರುವ ಮರಕ್ಕೆ ಇಷ್ಟು ದಿನದೊಳಗೆ ಉತ್ತರ ಕೊಡದಿದ್ದರೆ ಒಪ್ಪಿಗೆ ಸಿಕ್ಕಂತೆ ಎಂದು ಕೇಳಿ. ಗೇಣಿ ಕರಾರನ್ನು ಕಾಗದದ ಮೇಲೆ ಮಾಡಲು ಬಿಡಿ, ಗೇಣಿದಾರನಿಗೆ ಪರಿಹಾರ ನೇರವಾಗಿ ಬರಲಿ, ಒಡೆತನದ ತಕರಾರು ಬರದಂತೆ ಇಬ್ಬರಿಗೂ ರಕ್ಷಣೆ ಇರಲಿ ಎಂದೂ ಸೇರಿಸಿ. ಗೃಹಲಕ್ಷ್ಮಿ ವಿರುದ್ಧ ಒಂದು ಸಾಲು ಇದ್ದರೂ ನಮ್ಮ ಸಂಘದ ಯಾರೂ ಸಹಿ ಹಾಕುವುದಿಲ್ಲ.

ಸೊರಬದ ಕಾನು

ಇಳಿಜಾರಿನ ಗುಡ್ಡಕ್ಕೆ, ಹೊಳೆ ದಂಡೆಗೆ ಈ ವಿನಾಯಿತಿ ಬೇಡ. ಅಲ್ಲಿ ಗ್ರಾಮಸಭೆ ಒಪ್ಪಬೇಕು. ಹೀಗೆ ಬರೆದರೆ ನಾನೂ ಬರುತ್ತೇನೆ.

ತೀರ್ಥಹಳ್ಳಿ ತೋಟಗಾರ

ಅಕ್ಕನ ಮಾತೂ, ಕಾನಿನವರ ಷರತ್ತೂ ಸೇರಿಸಿ ಕರಡು ಮಾಡುತ್ತೇನೆ. ಬಜೆಟ್ ಮತ್ತು ಆಮದು ಬೆಲೆ ಇದರಲ್ಲಿ ಇರುವುದಿಲ್ಲ, ಅದು ನನ್ನ ಸ್ವಂತ ವಾದ, ಬೇರೆಯಾಗಿಯೇ ಬರೆಯುತ್ತೇನೆ. ನೆಟ್ಟ ಮರಕ್ಕೂ ಪಹಣಿಯಲ್ಲಿ ಬರೆಸಬೇಕು ಎಂಬುದು ನನಗೆ ಇಷ್ಟವಿಲ್ಲ, ಅದೂ ಇನ್ನೊಂದು ಕಚೇರಿಯ ಬಾಗಿಲೇ. ಆದರೆ ಇವತ್ತು ಇರುವುದಕ್ಕಿಂತ ಮೇಲು. ಹೊಸನಗರದ ರೈತರೇ, ಮಂಜೂರಾತಿ ಕಡತದಲ್ಲಿ ಬೀಟೆ ಬೆಲೆ ಕಟ್ಟಿದ ರಸೀದಿ ಇರುವವರು ನಿಮ್ಮ ಕಡೆ ಯಾರಾದರೂ ಇದ್ದರೆ ಒಂದು ಪ್ರತಿ ಕೊಡಿಸಿ. ಉದಾಹರಣೆಗೆ ಬೇಕು.